ಬೋರೊನ ಪಾಳಿ

ನೀರು ಈರುಳ್ಳಿಯ ಕೊನೆಯ ಮಡಿ ಮುಟ್ಟಿದ್ದೇ ಆಸುಂತಾ ಸಲಿಕೆ ಊರಿ ನಿಂತಳು. ಪಕ್ಕದಲ್ಲೇ ಮೈದುನ ಬೋರೊನ ಹೊಸ ಬಡಾವಣೆ. ಮನೆ ನೋಡಲು ವಲೆನ್ಸಿಯಾ ನಗರದಿಂದ ಬಂದವರಿಗೆ ಅಂಗಳದಲ್ಲಿ ಅಗಲ ಬಾಣಲೆಯ ತುಂಬ ಮೊಲದ ಮಾಂಸದ ಅನ್ನ ಬೇಯುತ್ತಿತ್ತು. ಒಲೆಗೆ ಹಾಕಿದ್ದು ಅವಳ ಮಾವ ನೆಟ್ಟ ಕಿತ್ತಳೆ ಗಿಡಗಳ ಸೌದೆ. ಆ ಹೊಗೆ ಮೂಗಿಗೆ ಬಡಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

ಹೊಲ ಮಾರಿದವರೆಲ್ಲ ನೀರಿನ ಪಾಳಿಯನ್ನೂ ಬಿಟ್ಟುಕೊಟ್ಟಿದ್ದರು. ಬೋರೊ ತೋಟ ಕಡಿದು ಮನೆ ಕಟ್ಟಿಸಿದರೂ ಪಾಳಿ ಬಿಡಲಿಲ್ಲ; ಏಕೆಂದರೆ ಪಾಳಿ ಇದ್ದವರಿಗೆ ಮಾತ್ರ ಕಾಲುವೆ ಸಭೆಯಲ್ಲಿ ಮಾತು. ಭಾನುವಾರದ ಸಭೆಯಲ್ಲಿ ಈ ಕಾಲುವೆಯನ್ನೇ ಮುಚ್ಚಿಸುವುದು ಅವನ ಸಂಚು. ಮುಚ್ಚಿದರೆ ಆಸುಂತಾಳ ಹೊಲ ಒಣಗುತ್ತದೆ, ಒಣಗಿದರೆ ಮಾರಲೇಬೇಕು, ಕೊಳ್ಳುವವನೂ ಅವನೇ. ಬಲು ಬುದ್ಧಿವಂತ! ಆದರೆ ತನ್ನ ಕಡೆಗೆ ನೀರು ನುಗ್ಗದಂತೆ ತಡೆಯುವ ತೂಬಿನ ಹಲಗೆಯನ್ನು ಕಿತ್ತು, ಅಪ್ಪನ ನೆನಪೆಂದು ವಾರ್ನಿಷ್ ಬಳಿದು ಮನೆಯ ಗೋಡೆಗೆ ನೇತುಹಾಕಿದ್ದ. ಇಷ್ಟು ದಿನ ಪಾಪ ಎಂದುಕೊಂಡು ಆಸುಂತಾಳೇ ತನ್ನ ಪಾಳಿ ಮುಗಿದೊಡನೆ ಕಾಲುವೆ ನೋಡಿಕೊಳ್ಳುವ ನೀರುಗಂಟಿಗೆ ಹೇಳಿ ಮೇಲಿನ ತೂಬು ಮುಚ್ಚಿಸುತ್ತಿದ್ದಳು.

ನಮ್ಮಲ್ಲಿ ಪಾಳಿ ಮುಗಿದವರು ಕೆಳಗಿನವರನ್ನು ಕೂಗಬೇಕು. ಅವರು ಕೈ ಎತ್ತಿದರೆ ನೀರು ಬಿಡು ಎಂದು ಅರ್ಥ.

"ಬೋರೋ! ನಂದಾಯ್ತು. ನಿನ್ನ ಪಾಳಿ ಕಣೋ!"

"ನಮ್ಮತ್ತಿಗೆ. ತಲೆ ಸ್ವಲ್ಪ ಲೂಸು," ಎಂದು ಬೋರೊ ನೆಂಟರಂತೆ ಕುಳಿತ ಗಿರಾಕಿಗಳನ್ನು ನಗಿಸಿ, ಹೋಗತ್ಲಾಗೆ ಎಂಬಂತೆ ಅವಳತ್ತ ಕೈ ಎತ್ತಿ ಬೀಸಿದ.

"ನೋಡಿದ್ಯಾ ನೆಲೊ?" ಎಂದು ಆಸುಂತಾ ಕಾಲುವೆ ಏರಿಯ ಮೇಲೆ ನಿಂತಿದ್ದವನನ್ನು ಕೇಳಿದಳು.

"ನೋಡ್ದೆ ಕಣಕ್ಕ. ಕೈ ಎತ್ತಿದ," ಎಂದ ನೀರುಗಂಟಿ ನೆಲೊ, ಮೀಸೆಯಲ್ಲೇ ನಗುತ್ತ.

ಆಸುಂತಾ ಕಾಲುವೆಗೆ ಅಡ್ಡ ಇಟ್ಟಿದ್ದ ತನ್ನ ಹಲಗೆ ಎತ್ತಿದಳು. ನೀರು ಬೇಲಿಯಡಿ ನುಸುಳಿ, ಮೇಜುಗಳ ಕಾಲು ಸುತ್ತಿ, ಒಲೆ ಆರಿಸಿ, ಕಾರು ನಿಲ್ಲಿಸಿದ್ದ ನೆಲಮಾಳಿಗೆಗೆ ಇಳಿಯಿತು. ಯಾರೋ ಕಿರುಚಿದರು. ಬೋರೊ ಓಡಿ ಬಂದ.

"ಅತ್ತಿಗೇ, ನಿಲ್ಸಿ! ಏನಿದು ಅನ್ಯಾಯ!"

"ನಿನ್ನ ಪಾಲಿನ ನೀರು ಕಣಪ್ಪ. ಉಪ್ಪು ತಿಂದೋನು ನೀರು ಕುಡೀಬೇಕಲ್ಲ?"

"ನಂಗೆ ಬೇಡ!"

"ನೀರುಗಂಟಿ ಎದುರು ಬೇಡ ಅಂದ್ರೆ ಪಾಳಿ ಹೋಗುತ್ತೆ. ಭಾನುವಾರ ಸಭೇಲಿ ನಿಂಗೆ ಜಾಗ ಇಲ್ಲ. ಯೋಚ್ನೆ ಮಾಡಿ ಹೇಳು."

ಬೋರೊ ತಿರುಗಿ ನೋಡಿದ. ಗಿರಾಕಿಗಳು ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನತ್ತ ನಡೆದಿದ್ದರು.

"ಬೇಡ," ಎಂದ, ನೆಲ ನೋಡುತ್ತ.

"ಕೇಳಿಸ್ಲಿಲ್ಲ."

"ಬೇಡ! ನಂಗೆ ನೀರು ಬೇಡ!"

ಆಸುಂತಾಳ ಹೊಟ್ಟೆ ತಣ್ಣಗಾಯಿತು. ನೆಲೊ ತಲೆಯಾಡಿಸಿ ಮೇಲಿನ ತೂಬು ಮುಚ್ಚಲು ಹೊರಟ. ಅವಸರವನ್ನೇನೂ ಮಾಡಲಿಲ್ಲ.

ಬೋರೊ ಮನೆಯೊಳಗೆ ಓಡಿ, ಗೋಡೆಯ ಹಲಗೆ ಕಿತ್ತು ತಂದು, ಕೋಟು ಬೂಟಿನಲ್ಲೇ ಕಾಲುವೆಗೆ ಇಳಿದ. ಹಲಗೆಯನ್ನು ತೂಬಿನ ಕಲ್ಲಿನಲ್ಲಿ ಕೊರೆದ ಸಂದಿಗೆ ಇಳಿಸಿದ. ಗೋಡೆಯ ಮೇಲೆ ಒಣಗಿ ಒಣಗಿ ಅದು ಕುಗ್ಗಿತ್ತು. ಎರಡೂ ಬದಿಯಿಂದ ನೀರು ಚಿಮ್ಮುತ್ತಿತ್ತು.

"ನೆನೆದ್ರೆ ಊದ್ಕೊಳ್ಳುತ್ತೆ. ಅಲ್ಲೀವರೆಗೂ ಹಿಡ್ಕೊಂಡು ನಿಂತಿರು," ಎಂದು ಆಸುಂತಾ ಸಲಿಕೆ ಹೆಗಲಿಗೇರಿಸಿದಳು.

ಮೊಣಕಾಲುಮಟ್ಟದ ನೀರಿನಲ್ಲಿ ಬೋರೊ ಅಪ್ಪನ ಹಲಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದ.