ಎಡಗಡೆಯ ಸೀಟು

ನಾಲ್ಕು ಜನ ಕುರ್ಚಿಯ ನಾಲ್ಕು ಕಾಲು ಹಿಡಿದು ಶಾಂತಲಿಂಗಪ್ಪನನ್ನು ಗಾಡಿಯ ಹಿಂಬಾಗಿಲಿನವರೆಗೆ ಎತ್ತಿಕೊಂಡು ಬಂದರು, ಬಗ್ಗಿ ಒಳಗೆ ನೋಡಿದರು, ಮತ್ತೆ ಅವನನ್ನು ಅಂಗಳದಲ್ಲೇ ಇಳಿಸಿದರು. ಗಾಡಿಯೊಳಗೆ ಉದ್ದಕ್ಕೆ ಒಂದು ಕಬ್ಬಿಣದ ಮಂಚವಿತ್ತು. ಮೇಲಿನ ಛತ್ತು ಎಷ್ಟು ತಗ್ಗಾಗಿತ್ತೆಂದರೆ ಅದರೊಳಗೆ ಮಲಗಿದವರಿಗೆ ಮಾತ್ರ ಜಾಗ. ಶಾಂತಲಿಂಗಪ್ಪನನ್ನಾದರೋ ಬೆಳಗ್ಗೆಯೇ ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಬಳಿದು, ರುಮಾಲು ಸುತ್ತಿ, ತಮ್ಮ ಮನೆತನದ ಪದ್ಧತಿಯಂತೆ ಚಕ್ಕಳಮಕ್ಕಳ ಹಾಕಿಸಿ ಕೂರಿಸಿಯಾಗಿತ್ತು. ಅವರಲ್ಲಿ ಸತ್ತವರು ಕೂತೇ ಹೋಗಬೇಕು, ಮಣ್ಣಿನೊಳಗೂ ಕೂತೇ ಇರಬೇಕು. ಈಗ ಮಲಗು ಎಂದರೆ ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಯಾರು ತರಿಸಿದ್ರು ಈ ಗಾಡಿ?" ಎಂದು ಗುಡುಗಿದ ಸಾತಲಿಂಗಪ್ಪ. ಸತ್ತವನಿಗೆ ಅಣ್ಣ. ಅಕ್ಕಲಕೋಟದಾಚೆಯ ಹುಟ್ಟೂರಿನಿಂದ ಪಿಕಪ್ ತುಂಬ ಜನರನ್ನು ಕರೆದುಕೊಂಡು ಬಂದಿದ್ದ. ಮಣ್ಣು ಮಾಡುವುದೂ ಆ ಊರಿನಲ್ಲೇ.

"ನಾನ ಫೋನ್ ಹಚ್ಚಿದ್ನಿ, ದೊಡ್ಡಪ್ಪ," ಎಂದ ಮಗ ಕೈಲಾಸ. "ಮಂಚದ್ದು ಬೇಕೇನು ಅಂತ ಮರಾಠಿಯೊಳಗ ಕೇಳಿದ್ರು. ನಾ ಹೋ ಅಂದ್ನಿ."

"ಸೊಲ್ಲಾಪುರದಾಗ ಇದ್ದು ಇದ್ದು ನಮ್ಮ ಮಂದಿ ಹ್ಯಾಂಗ ಹೋಗತಾರ ಅನ್ನೂದೂ ಮರತ್ಯಾ?"

ಕೈಲಾಸ ತಲೆ ತಗ್ಗಿಸಿದ. ಚಾದರ ಕಾರಖಾನೆಯಲ್ಲಿ ಇಪ್ಪತ್ತು ಜನರನ್ನು ಗದರುವ ಸುಪರ್‌ವೈಜರ್, ಅಪ್ಪ ಸತ್ತ ದಿನ ಮಾಡಿದ ಮೊದಲ ಕೆಲಸವೇ ಹೀಗಾಯಿತಲ್ಲ ಎಂದು ಹೈರಾಣಾಗಿದ್ದ. ಗಾಡಿಯ ಡ್ರೈವರ್ ಕೈಲಾಸನ ಹೆಗಲು ಮುಟ್ಟಿ, ಬಾಗಿಲು ಮುಚ್ಚಿಕೊಂಡು ಹೋದ.

ಆಗ ಧರ್ಮರಾಜ ಮುಂದೆ ಬಂದ. ಹೋಟಗಿಯಲ್ಲಿ ಅವನದೊಂದು ಗ್ಯಾರೇಜು. ಶಾಂತಲಿಂಗಪ್ಪನಿಗೆ ನಿವೃತ್ತಿಯ ನಂತರ ಸಿಕ್ಕಿದ ಗೆಳೆಯ, ಬೆಳಗಿನಿಂದ ಅಂಗಳದ ಮೂಲೆಯ ತಗಡಿನ ಶೆಡ್ಡಿಗೆ ಆತು ನಿಂತವನು ಅಲ್ಲಿಂದ ಅಲುಗಿರಲಿಲ್ಲ.

"ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಸಾಹೇಬ್ರದ ಸ್ವಂತ ಗಾಡಿ ಅದಲ್ಲ. ಟಪ್ಪ ಬಿಚ್ಚಿದ್ರ ಆಕಾಶದ ತನಕ ಜಾಗಾ. ಎಡಗಡಿ ಸೀಟಿನ್ಯಾಗ ಆರಾಮ ಕುಂದರತಾರ."

ಅವನು ಶೆಡ್ಡಿನ ತಾಡಪತ್ರಿ ಎಳೆದ. ಕೆಳಗೆ ಕೆಂಪು ಕಾರು. ಎರಡೇ ಬಾಗಿಲು, ಎರಡೇ ಸೀಟು, ಬಿಚ್ಚಿ ಮಡಚುವ ಬಟ್ಟೆಯ ಟಪ್ಪು, ನೆಲಕ್ಕೆ ಹೊಟ್ಟೆ ಹಚ್ಚಿ ಕೂತ ಹಾಗಿನ ಓಟದ ಕಾರು. ಅಂಗಳದಲ್ಲಿದ್ದ ಎಲ್ಲರಿಗೂ ಮಾತು ಒಪ್ಪಿಗೆಯಾಯಿತು. ಹುಡುಗರು ಫೋನು ತೆಗೆದರು. ಸಾತಲಿಂಗಪ್ಪನೂ ಬ್ಯಾಡ ಅನ್ನಲಿಲ್ಲ. ಕೈಲಾಸನಿಗೆ ಆಗ ಮೊದಲ ಸಲ ಅಳು ಬಂತು.

"ಅಪ್ಪಗ ಅದಕಿಂತ ಚಂದ ಏನದರಿ," ಎಂದ.

ನಾಲ್ವರೂ ಮತ್ತೆ ಕುರ್ಚಿ ಎತ್ತಿದರು. ಶೆಡ್ಡಿನ ಕಡೆಗೆ ತಿರುಗಿದರು.

"ಅದ್ರಾಗ ಬ್ಯಾಡ."

ಶಾಂತಲಿಂಗಪ್ಪನ ಹೆಂಡತಿ ದ್ರೌಪದಿ ಬೆಳಗಿನಿಂದ ಮಾತಾಡಿರಲಿಲ್ಲ. ಹೊಸ್ತಿಲ ಒಳಗೆ, ಹೆಂಗಸರ ನಡುವೆ, ಸೆರಗು ಹೊದ್ದು ಕೂತಿದ್ದವಳು ಎದ್ದು ನಿಂತಿದ್ದಳು. ಎದ್ದು ನಿಂತರೂ ಕೂತವರಿಗಿಂತ ಬಹಳ ಎತ್ತರವೇನೂ ಕಾಣದ ಹೆಂಗಸು.

"ಯಾಕವ್ವ?" ಎಂದ ಕೈಲಾಸ.

"ಅವರ ಸೀಟು ಬಲಗಡೀದು. ಎಡಗಡೀದು ನಂದು."

ನಾಲ್ವರೂ ಕುರ್ಚಿ ಮತ್ತೆ ಇಳಿಸಿದರು. ಆ ಸೀಟಿನಲ್ಲಿ ದ್ರೌಪದಿ ಒಂದು ದಿನವೂ ಕೂತಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು.

*

ಶಾಂತಲಿಂಗಪ್ಪ ಸಹಕಾರಿ ಬ್ಯಾಂಕಿನಲ್ಲಿ ಕಾರಕೂನನಾಗಿದ್ದವನು. ಕೈಗೆ ಶಾಯಿ ಬಿಟ್ಟರೆ ಬೇರೆ ಕಲೆ ಹತ್ತಿದ್ದಿಲ್ಲ. ಸೈಕಲ್ಲಿನ ಚೈನು ಬಿದ್ದರೆ ಸೈಕಲ್ಲನ್ನೇ ಮನೆತನಕ ನೂಕಿಕೊಂಡು ಬರುವ ಜಾತಿ. ಅಂಥವನು ನಿವೃತ್ತನಾದ ವರ್ಷ ಕಂದಲಗಾಂವದಲ್ಲಿ ಯಾರದೋ ಮದುವೆಗೆ ಹೋಗಿ, ಸಾಹುಕಾರನೊಬ್ಬನ ದನದ ಕೊಟ್ಟಿಗೆಯಲ್ಲಿ ಈ ಕಾರು ನೋಡಿದ. ಸಾಹುಕಾರನ ಮಗ ಹರೆಯದಲ್ಲಿ ಕೊಂಡು, ನಾಲ್ಕು ದಿನ ಮೆರೆದು, ಬಾವಿಯ ಕಟ್ಟೆಗೆ ಗುದ್ದಿ ಕೈಬಿಟ್ಟಿದ್ದ. ಮೇಲೆ ಜೋಳದ ಕಣಿಕೆ ಒಟ್ಟಿದ್ದರು. ಮಾಡಿದ ಕಂಪನಿಯೇ ಬಾಗಿಲು ಹಾಕಿತ್ತು. ಸ್ಟೇರಿಂಗಿನ ಕೆಳಗೆ ಕೋಳಿ ಮೊಟ್ಟೆ ಇಟ್ಟಿತ್ತು.

ಟ್ರ್ಯಾಕ್ಟರಿನ ಟ್ರಾಲಿಯಿಂದ ಅದನ್ನು ಅಂಗಳಕ್ಕೆ ಇಳಿಸಿದಾಗ ದ್ರೌಪದಿ ಸೌಟು ಹಿಡಿದೇ ಹೊರಗೆ ಬಂದಳು.

"ಏನರಿ ಇದು?"

"ಗಾಡಿ."

"ಎಲ್ಲದ ಗಾಡಿ?"

"ಆಗತಾದ ತಗೋ. ನಿನ್ನ ಬಾಜೂಕ ಕುಂದರಿಸ್ಕೊಂಡು ಹುಣ್ಣಿಮಿಗೆ ಅಕ್ಕಲಕೋಟಕ್ಕ ಹೋಗೂಣು."

"ಮದಲ ಕೋಳಿ ಇಳಸರಿ," ಎಂದು ಅವಳು ಒಳಗೆ ಹೋದಳು.

ಮದುವೆಯಾದಾಗಿನಿಂದ ಅವರು ಹುಣ್ಣಿಮೆಗೆ ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋಗುತ್ತಿದ್ದರು. ಬಸ್ಸು ಇಳಿದಾಗಲೆಲ್ಲ ದ್ರೌಪದಿಯ ಮಾತು ಒಂದೇ: "ನನಗ ರಸ್ತಿ ಎಂದ ಕಂಡಾದ? ಮುಂದಿನವರ ತಲಿ ಕಂಡಾವ, ಮ್ಯಾಲಿನ ವಾಯರ ಕಂಡಾವ." ಮುಂದೆ ಕೈಲಾಸ ಕಾರು ಕೊಂಡರೂ ಗಿಡ್ಡಳಾದ ಅವಳ ಕಣ್ಣಿಗೆ ವಾಯರು ಹೋಗಿ ರಸ್ತೆ ಬರಲಿಲ್ಲ. ಅದೇನು ದೊಡ್ಡ ದುಃಖವಾಗಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನುವಂತೆ ಅಂದು ಮರೆಯುವ ಮಾತು. ಶಾಂತಲಿಂಗಪ್ಪ ಕೇಳಿಸಿಕೊಂಡು ಗುಡಿಯ ಕಡೆ ನಡೆಯುತ್ತಿದ್ದ.

ಕೆಲಸ ಶುರುವಾಯಿತು. ರವಿವಾರ ಧರ್ಮರಾಜ ಹೋಟಗಿಯಿಂದ ಬರುವುದು, ಶೇಂಗಾ ಚಟ್ನಿ ಹಚ್ಚಿಕೊಂಡು ಕಡಕ್ ಭಾಕ್ರಿ ತಿನ್ನುವುದು, ಇಬ್ಬರೂ ಕಾರಿನ ಕೆಳಗೆ ಮಲಗುವುದು. ಉಳಿದ ಆರು ದಿನ ಶಾಂತಲಿಂಗಪ್ಪ ಒಬ್ಬನೇ ಪಾನಾ ಹಿಡಿದು, ಧರ್ಮರಾಜ ಬಿಗಿದ ನಟ್ಟುಗಳನ್ನು ಬಿಚ್ಚಿ ನೋಡುತ್ತಿದ್ದ. ಹೊಸ ಭಾಗ ಎಲ್ಲೂ ಸಿಗದು. ಬಾಗಿಲಿನ ಹಿಡಿಕೆ ಬೇರೆ ಯಾವುದೋ ಕಾರಿನದು, ಮುಂದಿನ ಗಾಜು ಅಳತೆ ಕೊಟ್ಟು ಕೊಯ್ಯಿಸಿದ್ದು, ಹಿಂದಿನ ದೀಪ ರಿಕ್ಷಾದ್ದು. ಓಣಿಯ ಜನ "ಕಾಕಾ, ಈ ಜನ್ಮದಾಗೋ ಮುಂದಿನ ಜನ್ಮದಾಗೋ?" ಎಂದು ಕೇಳುವರು. ಅವನು ನಗುವನು. ಬ್ಯಾಂಕಿನಲ್ಲಿ ಎಂದೂ ನಗದ ಮನುಷ್ಯ ಗ್ರೀಸು ಮೆತ್ತಿದ ಮುಖದಲ್ಲಿ ನಗುವುದನ್ನು ದ್ರೌಪದಿ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಅವಳಿಗೆ ಅದು ಹಿಡಿಸಿತ್ತು. ಆದರೆ ಹೇಳಿದರೆ ಹೆಚ್ಚಾಗುತ್ತದೆಂದು ಕಾರಿಗೆ ಸವತಿ ಎಂದು ಹೆಸರಿಟ್ಟಳು.

"ಚಹಾ ತಗೋರಿ. ನನ್ನ ಸವತಿಗೂ ಒಂದ ಕಪ್ಪ ಹಾಕಲ್ಯಾ?"

"ಆಕಿ ಪೆಟ್ರೋಲ ಕುಡೀತಾಳ."

ಒಮ್ಮೆ ಅಡುಗೆಮನೆಯ ಮಣೆ ಕಾಣೆಯಾಯಿತು. ಮೇಲಿನ ಡಬ್ಬಿ ತೆಗೆಯಲು ಅವಳು ಹತ್ತುತ್ತಿದ್ದ ಮಣೆ ಅದು. ಎರಡು ದಿನ ಹುಡುಕಿ, ಸೊಸೆ ಪ್ರಾಜಕ್ತಾಳ ಮೇಲೆ ಕೂಗಾಡಿ, ಕೊನೆಗೆ ನೋಡಿದರೆ ಅದು ಶೆಡ್ಡಿನಲ್ಲಿತ್ತು, ಮೈತುಂಬ ಗ್ರೀಸು. "ನನ್ನ ಮನಿ ಸಾಮಾನೆಲ್ಲ ಆಕಿಗೇ ಹಾಕರಿ," ಎಂದು ಬೈದು, ಬೂದಿ ಹಾಕಿ ತಿಕ್ಕಿ ಒಳಗಿಟ್ಟಳು. ಶಾಂತಲಿಂಗಪ್ಪ ಯಾಕೆ ಒಯ್ದೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ.

*

ಕಾರು ಮುಗಿದ ದಿನ ದ್ರೌಪದಿ ಇಳಕಲ್ಲ ಸೀರೆ ಉಟ್ಟಳು. ಕನ್ನಡಿಯ ಮುಂದೆ ಎರಡು ಸಲ ಕುಂಕುಮ ಒರೆಸಿ ಎರಡು ಸಲ ಹಚ್ಚಿಕೊಂಡಳು. ಹೊಸ್ತಿಲಿಗೆ ಬಂದಾಗ ಎಂಜಿನ್ನು ಗುರುಗುಡುತ್ತಿತ್ತು, ಟಪ್ಪು ಬಿಚ್ಚಿತ್ತು, ಎಡಗಡೆಯ ಬಾಗಿಲು ತೆರೆದಿತ್ತು. ಗೇಟಿನಲ್ಲಿ ಓಣಿಗೆ ಓಣಿಯೇ ನಿಂತಿತ್ತು.

"ಅಯ್ಯ, ಮದಲಗಿತ್ತಿ ಹೊಂಟ್ಲು ನೋಡ್ರೆ!" ಎಂದಳು ಪಕ್ಕದ ಮನೆಯ ಇಂದುಬಾಯಿ.

ಎಲ್ಲರೂ ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದ್ರೌಪದಿಯೂ ನಕ್ಕಳು. ಆದರೆ ಮೊಮ್ಮಕ್ಕಳ ಅಜ್ಜಿ ಹೀಗೆ ತೆರೆದ ಕೆಂಪು ಗಾಡಿಯಲ್ಲಿ ಓಣಿ ತುಂಬ ಮೆರೆದು ಹೋಗುವುದು ಅವಳ ಕಣ್ಣಿಗೇ ಬೇರೆ ಯಾರೋ ಹೊರಟ ಹಾಗೆ ಕಂಡು ಕಾಲು ನಿಂತಿತು.

"ತಡೀರಿ, ಒಲಿ ಮ್ಯಾಲ ಹಾಲ ಇಟ್ಟೀನಿ," ಎಂದು ಒಳಗೆ ಹೋದಳು.

ಒಲೆಯ ಮೇಲೆ ಹಾಲಿರಲಿಲ್ಲ. ಒಲೆಯೇ ಹಚ್ಚಿರಲಿಲ್ಲ. ಅವಳು ಒಲೆಯ ಮುಂದೆ ಕೂತೇ ಇದ್ದಳು. ಎಂಜಿನ್ನು ಬಹಳ ಹೊತ್ತು ಗುರುಗುಟ್ಟಿತು. ಆಮೇಲೆ ಎಡಗಡೆಯ ಬಾಗಿಲು ಮುಚ್ಚಿದ ಸದ್ದು ಕೇಳಿತು.

ಶಾಂತಲಿಂಗಪ್ಪ ಆ ವಿಷಯ ಎತ್ತಲಿಲ್ಲ. ಸಿಟ್ಟಾಗಲಿಲ್ಲ. ರವಿವಾರ ಬೆಳಗ್ಗೆ ಕಾರು ತೆಗೆಯುತ್ತಿದ್ದ, ಗೇಟಿನ ಹತ್ತಿರ ನಿಂತು ಒಮ್ಮೆ ಹಾರ್ನ್ ಬಾರಿಸುತ್ತಿದ್ದ, ಸ್ವಲ್ಪ ಕಾಯುತ್ತಿದ್ದ, ಹೋಗುತ್ತಿದ್ದ. ಎಡಗಡೆಯ ಸೀಟಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ತರಕಾರಿಯ ಚೀಲವನ್ನೂ ಅಲ್ಲಿಡದೆ ಕಾಲಿನ ಸಂದಿಯಲ್ಲಿ ಇಟ್ಟುಕೊಂಡು ಬರುತ್ತಿದ್ದ. ಪ್ರಾಜಕ್ತಾ ಕಾರು ಕಲಿಯುವೆನೆಂದಾಗ ಅವಳನ್ನು ಬಲಗಡೆ ಕೂರಿಸಿ, ತಾನು ಹೊರಗೆ ನಿಂತು, ಬಾಗಿಲ ಮೇಲಿನಿಂದ ಬಗ್ಗಿ ಗೇರು ತೋರಿಸಿದ. ಮುದುಕ ಕಾರಿನ ಜೊತೆ ಅಂಗಳದಲ್ಲಿ ಓಡುವುದನ್ನು ನೋಡಿ ಮೊಮ್ಮಕ್ಕಳು ಕೇಕೆ ಹಾಕಿದ್ದರು.

ಹಾರ್ನ್ ಕೇಳಿದಾಗಲೆಲ್ಲ ದ್ರೌಪದಿ, ಮುಂದಿನ ರವಿವಾರ ಹೋದರಾಯಿತು ಅಂದುಕೊಳ್ಳುತ್ತಿದ್ದಳು. ಮೊನ್ನೆಯ ರವಿವಾರವೂ ಅಂದುಕೊಂಡಿದ್ದಳು. ಇವತ್ತು ಬೆಳಗ್ಗೆ ಚಹಾ ಹಿಡಿದು ಎಬ್ಬಿಸಲು ಹೋದರೆ ಅವನು ಏಳಲಿಲ್ಲ.

*

ಕೊನೆಗೆ ಊರಿನಿಂದ ಬಂದಿದ್ದ ಪಿಕಪ್ಪೇ ಗತಿಯಾಯಿತು. ಬಾಳೆಯ ಕಂಬ ಕಟ್ಟಿದರು, ಚೆಂಡುಹೂವಿನ ಮಾಲೆ ಇಳಿಬಿಟ್ಟರು. ಕುರ್ಚಿಯ ಬೆನ್ನನ್ನು ಡ್ರೈವರಿನ ಕ್ಯಾಬಿನ್ನಿನ ಸರಳಿಗೆ ಆನಿಸಿ ಹಗ್ಗ ಬಿಗಿದರು. ಹಾಗೆ ಬಿಗಿದದ್ದಕ್ಕೆ ಶಾಂತಲಿಂಗಪ್ಪ ಹಿಂದುಮುಂದಾಗಿ, ಬಿಟ್ಟುಹೋಗುವ ಮನೆಯ ಕಡೆಗೇ ಮುಖ ಮಾಡಿ ಕೂತ. ಕೈಲಾಸ ಪಕ್ಕದಲ್ಲಿ ನಿಂತು ಅವನ ಹೆಗಲು ಹಿಡಿದ. ಭಜನೆಯವರು ತಾಳ ತೆಗೆದರು.

ಹೆಂಗಸರಿಗಾಗಿ ಕೈಲಾಸನ ಕಾರು ಸಜ್ಜಾಗಿತ್ತು. ದ್ರೌಪದಿ ಅದರ ಕಡೆ ನೋಡಲಿಲ್ಲ.

"ಪ್ರಾಜಕ್ತಾ," ಎಂದಳು, "ಅವರ ಗಾಡಿ ತಗೀ. ನಾ ಬರ್ತೀನಿ."

"ಮೀ?" ಪ್ರಾಜಕ್ತಾಳಿಗೆ ಮರಾಠಿಯೇ ಬಾಯಿಗೆ ಬಂತು. "ಅತ್ತಿ, ಅಷ್ಟು ದೂರ ನಾ ಓಡಿಸಿಲ್ಲರಿ."

"ಅವರು ಕಲಿಸ್ಯಾರಲ್ಲ."

ಸಾತಲಿಂಗಪ್ಪ ಪಿಕಪ್ಪಿನಿಂದ ಇಳಿದು ಬಂದ. ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವ ರೂಢಿ ಅವನಿಗಿರಲಿಲ್ಲ. ಕೈಲಾಸನ ಕಡೆ ಮುಖ ಮಾಡಿ ಹೇಳಿದ:

"ನಿಮ್ಮವ್ವಗ ಹೇಳು. ಗಂಡನ ಹಿಂದ ತೆರದ ಕೆಂಪ ಗಾಡ್ಯಾಗ ಕುಂತ ಬಂದ್ರ ಮಂದಿ ಏನಂದಾರು? ದಾರಿಗುಂಟ ನಗತಾರ."

ದ್ರೌಪದಿ ಸೆರಗು ಮುಂದಕ್ಕೆಳೆದುಕೊಂಡಳು. ಮದುವೆಯಾಗಿ ಈ ಮನೆಗೆ ಬಂದಮೇಲೆ ಭಾವನಿಗೆ ಮೊದಲ ಸಲ ತಾನೇ ಉತ್ತರ ಕೊಟ್ಟಳು.

"ನಗಲಿ ಬಿಡ್ರಿ ಭಾವನೋರ. ನಗತಾರಂತ ಅಂಜಿ ಇಷ್ಟ ವರ್ಷ ಒಲಿ ಮುಂದ ಕುಂತೀನಿ. ಅವರು ಗೇಟಿನ್ಯಾಗ ನಿಂತ ನಿಂತು ಹೋದ್ರು."

ಇಂದುಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಂದು ತಾನಾಡಿದ ಮಾತು ಅವಳಿಗೆ ನೆನಪಾಗಿರಬೇಕು.

ಸಾತಲಿಂಗಪ್ಪ ಹೆಗಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಬಿಸಲ ಭಾಳ ಅದ," ಎಂದ, ದನಿ ಇಳಿಸಿ. "ಟಪ್ಪಾರ ಹಾಕ್ಕೋರಿ."

"ಬ್ಯಾಡರಿ."

ಧರ್ಮರಾಜ ಬಾನೆಟ್ಟು ಎತ್ತಿ ಏನೋ ಮುಟ್ಟಿ ಇಳಿಸಿದ. ಎರಡನೆಯ ಸಲಕ್ಕೆ ಎಂಜಿನ್ನು ಹತ್ತಿಕೊಂಡಿತು. ಪ್ರಾಜಕ್ತಾ ಕಣ್ಣೊರೆಸಿಕೊಂಡು ಕಾರನ್ನು ಶೆಡ್ಡಿನಿಂದ ಗೇಟಿನವರೆಗೆ ತಂದಳು. ಎಡಗಡೆಯ ಬಾಗಿಲು ತೆರೆದಿತ್ತು, ಓಣಿಯೂ ಅಲ್ಲೇ ನಿಂತಿತ್ತು. ಹೊಸ್ತಿಲಲ್ಲಿ, ಅಂದು ನಿಂತ ಜಾಗದಲ್ಲೇ, ದ್ರೌಪದಿಯ ಕಾಲು ಮತ್ತೆ ನಿಂತಿತು.

ಯಾರದೋ ಆಡು ಕಾರಿಗೆ ಅಡ್ಡ ಬಂತು. ಪ್ರಾಜಕ್ತಾ ಒಮ್ಮೆ ಹಾರ್ನ್ ಬಾರಿಸಿದಳು.

"ಬಂದೆರಿ," ಎಂದಳು ದ್ರೌಪದಿ. ಯಾರಿಗೆ ಹೇಳಿದಳೆಂದು ಯಾರೂ ಕೇಳಲಿಲ್ಲ. ಅವಳು ಮೆಟ್ಟಿಲಿಳಿದು, ಜನರ ನಡುವೆ ನಡೆದು, ಸೀರೆಯ ನೆರಿಗೆ ಒಟ್ಟು ಮಾಡಿ ಹಿಡಿದು ಒಳಗೆ ಕೂತಳು.

ನೆಲದಷ್ಟು ತಗ್ಗಿನ ಕಾರು, ಮುಳುಗಿಯೇ ಹೋಗುತ್ತೇನೆ ಅಂದುಕೊಂಡಿದ್ದಳು. ಮುಳುಗಲಿಲ್ಲ. ಪಕ್ಕದ ಪ್ರಾಜಕ್ತಾಳಿಗಿಂತ ಅವಳ ತಲೆ ಒಂದಿಷ್ಟು ಮೇಲೆಯೇ ಇತ್ತು. ಅವಳು ಸೀಟಿನ ಅಂಚನ್ನು ಕೈಯಿಂದ ಮುಟ್ಟಿ ನೋಡಿದಳು.

"ಆ ಸೀಟ ಮೂರ ಸಲ ಬಿಚ್ಚಿಸಿದ್ರು ವೈನಿ," ಎಂದ ಧರ್ಮರಾಜ, ಬಾಗಿಲು ಮುಚ್ಚುತ್ತ. "ನಿಮ್ಮ ಅಡಗಿಮನಿ ಮಣಿ ತಂದು ಅದರಷ್ಟ ಎತ್ತರಸು ಅಂದ್ರು. ಇಷ್ಟ ಎತ್ತರಿಸಿದ್ರ ಟಪ್ಪ ತಲಿಗೆ ಬಡೀತದರಿ ಸಾಹೇಬ್ರ ಅಂದ್ನಿ. ಯಾರ ತಲಿಗೆ, ಅಂತ ಕೇಳಿದ್ರು."

ಅವನು ನಗಲು ನೋಡಿದ, ಆಗಲಿಲ್ಲ. ಹೋಗಿ ಪಿಕಪ್ಪಿನ ಹಿಂದಿನ ಹಲಗೆಯ ಮೇಲೆ ಕೂತ.

ತಾಳ ಶುರುವಾಯಿತು. ಪಿಕಪ್ಪು ಓಣಿ ದಾಟಿ, ಪೇಟೆ ದಾಟಿ, ಅಕ್ಕಲಕೋಟದ ರಸ್ತೆ ಹಿಡಿಯಿತು. ಹಿಂದೆಯೇ ಕೆಂಪು ಕಾರು. ಚಹಾದಂಗಡಿಯ ಮುಂದೆ ಕೂತವರು ಎದ್ದು ಕೈ ಮುಗಿದರು, ಆಮೇಲೆ ಹಿಂದಿನ ಕಾರು ನೋಡಿ ಕೈ ಇಳಿಸುವುದನ್ನು ಮರೆತರು. ಯಾರಾದರೂ ನಕ್ಕರೋ ಇಲ್ಲವೋ ದ್ರೌಪದಿಗೆ ತಿಳಿಯಲಿಲ್ಲ. ಗಾಳಿಗೆ ಸೆರಗು ತಲೆಯಿಂದ ಜಾರಿತು. ಅವಳು ಎಳೆದುಕೊಳ್ಳಲಿಲ್ಲ.

"ಅತ್ತಿ, ನೀಟ ಕುಂತೀರಿಲ್ಲ?" ಎಂದು ಕೇಳಿದಳು ಪ್ರಾಜಕ್ತಾ, ರಸ್ತೆಯಿಂದ ಕಣ್ಣು ತೆಗೆಯದೆ.

"ಹೂಂ. ನೀ ಹತ್ತರ ಹೋಗು."

ವಳಸಂಗ ಬಂತು, ಹಿಂದಾಯಿತು. ಎರಡೂ ಕಡೆ ಜೋಳ. ಬಾನೆಟ್ಟಿನ ಆಚೆ ರಸ್ತೆ ಅಂಚಿನಿಂದ ಅಂಚಿನವರೆಗೆ ಕಾಣುತ್ತಿತ್ತು. ಪಿಕಪ್ಪಿನ ಹಿಂದಿನ ಹಲಗೆಯ ಮೇಲಿಂದ, ಹೂವಿನ ಮಾಲೆಗಳ ನಡುವೆ, ಗಂಡನ ಮುಖ ಕಾಣುತ್ತಿತ್ತು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ರುಮಾಲು ಸುತ್ತಿದ ತಲೆ ಸ್ವಲ್ಪ ಮುಂದೆ ಬಾಗಿ ಏಳುತ್ತಿತ್ತು, ಅವಳು ಏನೋ ಕೇಳಿದಳು, ಅವನು ಹೂಂ ಅನ್ನುತ್ತಿದ್ದಾನೆ ಎಂಬಂತೆ.