ಅಳಿಸಿದ ಡಿಸ್ಕು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವಳಿಗೆ ಇಟ್ಟ ಅಡ್ಡಹೆಸರು ಪೊರಕೆ. ಇಟ್ಟವರ ತಪ್ಪೇನೂ ಇಲ್ಲ ಬಿಡಿ. ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಓಡುವ ಹತ್ತಾರು ವರ್ಚುವಲ್ ಮಷೀನುಗಳು. ಅವಕ್ಕೆ ಬೇಕಾದ ಇನ್‌ಸ್ಟಾಲೇಶನ್ ಡಿಸ್ಕುಗಳ ಇಮೇಜ್ ಫೈಲುಗಳನ್ನು, ಅಂದರೆ ಡಿಸ್ಕಿನ ಪಡಿಯಚ್ಚುಗಳನ್ನು, ನೋಡಿಕೊಳ್ಳುವುದು ಅವಳ ಕೆಲಸ. ಬಂದವರೆಲ್ಲ ತಮ್ಮದೊಂದು ಡಿಸ್ಕು ತಂದು ಸುರಿದು, ‘ಹೊಸದು’, ‘ಹೊಸದು ಎರಡು’, ‘ಇದೇ ಸರಿಯಾದ್ದು’ ಎಂದು ಹೆಸರಿಟ್ಟು ಕೈತೊಳೆದುಕೊಂಡರೆ ಯಾರಿಗಾದರೂ ಪಿತ್ತ ನೆತ್ತಿಗೇರುತ್ತದೆ. ಜಾಗ ತುಂಬಿದಾಗ ಬೈಸಿಕೊಳ್ಳುವವಳು ಮಾತ್ರ ಅವಳೇ. ಆ ಬೆಳಿಗ್ಗೆ ಬಂದವಳೇ ವರ್ಷಗಟ್ಟಲೆ ಯಾರೂ ಮುಟ್ಟದ ಇಮೇಜ್‌ಗಳನ್ನೆಲ್ಲ ಒಂದೇ ಏಟಿಗೆ ಅಳಿಸಿ ಹಾಕಿದಳು.

ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಅತ್ತಿಗೆಯ ಮೆಸೇಜ್ ಬಂತು. ‘ಕಿವಿ ವಿಭಾಗದಲ್ಲಿ ಕೂತಿದೀನಿ ಕಣೇ. ಕರೆಂಟಿನ ಕೆಲಸ ಮುಗಿದ ಮೇಲೆ ನನ್ನ ಸರದಿಯಂತೆ. ಆಫ್ ಮಾಡಿ ಆನ್ ಮಾಡಿದ್ರೆ ಆ ಹಳೇ ಪ್ರೋಗ್ರಾಂ ಡಿಸ್ಕ್ ಕೇಳುತ್ತಂತೆ. ಸ್ವಲ್ಪ ನೋಡ್ಕೋ.’

ಅವಳ ಜೀವ ಬಾಯಿಗೆ ಬಂತು.

ಜ್ವರವೊಂದರಲ್ಲಿ ಕಿವಿ ಕಳೆದುಕೊಂಡ ಅತ್ತಿಗೆಗೆ ಕೇಳಿಸುವುದು ತಲೆಯೊಳಗೆ ಕೂರಿಸಿದ ಒಂದು ಯಂತ್ರದಿಂದ. ಅದನ್ನು ಹೊಂದಿಸುವ ಪ್ರೋಗ್ರಾಂ ಓಬೀರಾಯನ ಕಾಲದ್ದು, ಅವಳ ವರ್ಚುವಲ್ ಮಷೀನುಗಳಲ್ಲೊಂದರಲ್ಲಿ ಓಡುತ್ತಿತ್ತು. ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಶುರುವಾದಾಗಲೆಲ್ಲ ಅದು ತನ್ನ ಡಿಸ್ಕು ಡ್ರೈವಿನಲ್ಲಿದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ತೆರೆಯುವುದೇ ಇಲ್ಲ. ಅವಳು ಅಳಿಸಿದ್ದರಲ್ಲಿ ಆ ಡಿಸ್ಕಿನ ಇಮೇಜೂ ಇತ್ತು. ಡಿಸ್ಕು ತಾನೆ, ಎಲ್ಲಾದರೂ ಸಿಗುತ್ತದೆ ಎಂದು ಅಂಥವಕ್ಕೆ ಬ್ಯಾಕಪ್ ಇಡುವ ರೂಢಿಯೇ ಇರಲಿಲ್ಲ.

ಇತ್ತೀಚೆಗೆ ಅತ್ತಿಗೆಗೆ ಮಾತೆಲ್ಲ ಮಸುಕಾಗಿ ಕೇಳುತ್ತಿತ್ತು. ಹೊಂದಿಸದೆ ಬಿಟ್ಟರೆ ಪೂರ್ತಿ ನಿಂತುಹೋಗುತ್ತದೆ, ಮತ್ತೊಮ್ಮೆ ಆಪರೇಷನ್ ಆಗದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹಾಕಿ, ಪಾಠ ಒಪ್ಪಿಸಿಕೊಂಡು ಬೆಳೆಸಿದವಳು ಈ ಅತ್ತಿಗೆ.

ಒಂದೇ ಒಂದು ದಾರಿಯಿತ್ತು. ಓಡುತ್ತಿರುವ ಮಷೀನು ಅಳಿಸಿದ ಫೈಲನ್ನೂ ಕೈಬಿಡದೆ ಹಿಡಿದುಕೊಂಡಿರುತ್ತದೆ. ಮಷೀನನ್ನು ಆಫ್ ಮಾಡಿದ ಗಳಿಗೆಗೆ ಫೈಲು ನಿಜವಾಗಿ ಸಾಯುತ್ತದೆ. ಅವಳು ಆ ಮಷೀನಿನೊಳಗೆ ಹೊಕ್ಕು, ಡ್ರೈವಿನಲ್ಲಿದ್ದ ಡಿಸ್ಕನ್ನು ಕಾಪಿಗೆ ಹಾಕಿದಳು. ಅದು ಆಮೆಯಂತೆ ಸಾಗಿತು.

ಬಾಗಿಲಲ್ಲಿ ಎಲೆಕ್ಟ್ರಿಷಿಯನ್ ನಿಂತಿದ್ದ. ಕರೆಂಟ್ ಹೋದಾಗ ಕೋಣೆಯನ್ನು ನಡೆಸುವ ಹಳೆಯ ಬ್ಯಾಟರಿಗಳನ್ನು ಬದಲಿಸಬೇಕಿದ್ದರಿಂದ ಆವತ್ತು ಎಲ್ಲವೂ ಆರಬೇಕಿತ್ತು.

“ಮೇಡಂ, ಮೇನ್ ಇಳಿಸ್ಲಾ?”

“ಬೇಡ, ತಡೀರಿ! ಕಾಪಿ ಆಗ್ತಿದೆ.”

“ಮೇಲಿನವರು ಫೋನ್ ಮೇಲೆ ಫೋನ್ ಮಾಡ್ತಿದಾರೆ. ಅಂಥಾದ್ದೇನು ಕಾಪಿ?”

“ದಿನಾ ಮಾಡೋದೇ,” ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯ. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು: ಕಾಪಿ ಆಗದಿದ್ದರೆ ಕರೆಂಟ್ ಹೋದಾಗ ಡಿಸ್ಕು ಹಾಳಾಯಿತು ಎಂದರಾಯಿತು, ಯಾರು ಕೇಳುತ್ತಾರೆ? ಗೊಣಗುತ್ತಲೇ ಕಾಯುತ್ತಿದ್ದ ಆ ಮನುಷ್ಯನ ಮುಖ ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕಾಪಿ ಮುಗಿಯಿತು. ಕರೆಂಟ್ ಹೋಯಿತು, ಬಹಳ ಹೊತ್ತಿನ ಮೇಲೆ ಬಂತು. ಕಾಪಿಯನ್ನು ಡ್ರೈವಿಗೆ ಹಾಕಿ ಮಷೀನು ಎಬ್ಬಿಸಿದಳು. ಆದರೂ ನಂಬಿಕೆ ಬರಲಿಲ್ಲ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಕಿವಿ ವಿಭಾಗಕ್ಕೆ ಓಡಿದಳು.

ಅತ್ತಿಗೆ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಥೆರಪಿಸ್ಟ್ ಅವಳ ಯಂತ್ರದ, ಕಿವಿಯ ಮೇಲೆ ಕೂರುವ ಹೊರತುಣುಕನ್ನು ತೆಗೆದು ವೈರಿಗೆ ಸಿಕ್ಕಿಸಿದ್ದ. ಅಂದರೆ ಈಗ ಅತ್ತಿಗೆಗೆ ಸಿಡಿಲು ಹೊಡೆದರೂ ಕೇಳದು. ಪರದೆಯ ಮೇಲೆ ಪ್ರೋಗ್ರಾಂ ಡಿಸ್ಕು ಹುಡುಕುತ್ತಿತ್ತು. ಹುಡುಕಿತು, ಹುಡುಕಿತು, ಕೊನೆಗೆ ತೆರೆಯಿತು.

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿಬಿಟ್ಟಳು: “ನಿಮ್ಮ ಡಿಸ್ಕ್ ಅಳಿಸಿದ್ದು ನಾನೇ ಅತ್ತಿಗೆ. ಸಿಗದೇ ಹೋಗಿದ್ರೆ ಕರೆಂಟಿನ ಮೇಲೆ ಹಾಕಿ ಸುಮ್ಮನಿರ್ತಿದ್ದೆನೋ ಏನೋ.” ಥೆರಪಿಸ್ಟ್ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದ. ಅತ್ತಿಗೆ ಅಲುಗಲಿಲ್ಲ. ಹೇಳಿಯೂ ಆಯಿತು, ಕೇಳಿಸಲೂ ಇಲ್ಲ ಎಂದು ಅವಳ ಎದೆ ಹಗುರಾಯಿತು.

ಹೊಂದಿಸಿದ ತುಣುಕು ಮತ್ತೆ ಕಿವಿಯೇರಿತು. ಅತ್ತಿಗೆಯ ಮುಖವರಳಿತು. ಅತ್ತಿಗೆ ಹಿಂದಕ್ಕೆ ತಿರುಗಿದಳು.

“ಕಿಟಕಿ ಗಾಜಲ್ಲಿ ನೋಡಿದೆ, ಏನೋ ಹೇಳ್ತಿದ್ದೆ. ಈಗ ಹೇಳು, ಚೆನ್ನಾಗಿ ಕೇಳಿಸ್ತಿದೆ.”