ಕೊಕ್ಕಿನ ತಲೆಕಟ್ಟು

ಚನ್ನಪಟ್ಟಣದ ಮಕ್ಬೂಲನ ಮರ ಕಡೆಯುವ ಲೇತಿನಲ್ಲಿ ಹುಟ್ಟುವುದೆಲ್ಲ ದುಂಡಗೆ. ಬಳೆ, ಬುಗುರಿ, ಗಿಲಕಿ, ಬಾತುಕೋಳಿಯ ಹೊಟ್ಟೆ. ಒಂದು ಮಳೆಗಾಲ ಕೆಲಸವಿಲ್ಲದೆ ಕೂತಿದ್ದಾಗ, ಉಳಿದ ಬಳೆಗಳನ್ನು ಅರ್ಧರ್ಧ ಕೊಯ್ದು ಹಲಗೆಗೆ ಅಂಟಿಸಿ ತನ್ನ ಅಂಗಡಿಗೊಂದು ಹೆಸರು ಬರೆದುಕೊಂಡ. ಟೆಂಟ್ ಸಿನಿಮಾಗಳಿದ್ದ ಕಾಲದಲ್ಲಿ ಗೋಡೆಗೆ ಹಚ್ಚುತ್ತಿದ್ದ ಪೋಸ್ಟರುಗಳಲ್ಲಿ ಅಂಥ ಉಬ್ಬುಹೊಟ್ಟೆಯ ಅಕ್ಷರಗಳನ್ನು ಅವನು ನೋಡಿದ್ದ. ತಲೆಕಟ್ಟಿಗೆ ಮಾತ್ರ ಲೇತು ಒಲಿಯಲಿಲ್ಲ. ಬಾತುಕೋಳಿಗೆಂದು ಮಾಡಿಟ್ಟಿದ್ದ ಕೊಕ್ಕುಗಳನ್ನೇ ಕೂರಿಸಿದ. ಅಕ್ಷರಗಳೆಲ್ಲ ಏನೋ ಹೇಳಹೊರಟ ಹಕ್ಕಿಗಳಂತಾದವು.

ಅದನ್ನು ನೋಡಿಯೇ ಬೈರಾಪಟ್ಟಣದ ಗಂಗಹನುಮಯ್ಯ, ಊರವರು ಹೊಸದಾಗಿ ಕಟ್ಟಿಸಿದ್ದ ಭಜನೆ ಮನೆಗೂ ದೇವರ ಹೆಸರು ಬರೆದ ಅಂಥದ್ದೇ ಬೋರ್ಡು ಬೇಕೆಂದು ಕೇಳಿದ್ದು. ಹೆಂಡತಿ ಬದ್ರುನ್ನೀಸಾಳಿಗೆ ಇದನ್ನು ಹೇಳುವಾಗ ಮಕ್ಬೂಲನ ದನಿ ತಾನಾಗಿ ಇಳಿಯಿತು. ಈವರೆಗೆ ಅವನ ಕೈಯಿಂದ ಬಂದದ್ದೆಲ್ಲ ಮೊದಲು ಮಕ್ಕಳ ಬಾಯಿಗೆ, ಆಮೇಲೆ ಮೂಲೆಗೆ. ಇದೊಂದು ದೇವರ ಬಾಗಿಲ ಮೇಲೆ ನಿಲ್ಲುತ್ತದೆ. ನಿಲ್ಲಬೇಕು ಎಂದು ಅವನಿಗೆ ಆಸೆ. ಒಳ್ಳೆಯ ಹಾಲೆಮರ ಆರಿಸಿ ತಂದ. ಕೆಂಪು, ಹಳದಿ ಅರಗು ಹಚ್ಚಿ, ಕೇದಗೆ ಗರಿಯಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿದ.

ಬೋರ್ಡು ಬೈರಾಪಟ್ಟಣಕ್ಕೆ ಬಂದಾಗ ಸೇರಿದ ಜನ ನೋಡಿ ನಕ್ಕರು. ಭಜನೆಯ ಹಿರಿಯ ರಾಮಲಿಂಗಯ್ಯ ಮಾತ್ರ ನಗಲಿಲ್ಲ.

"ಚೆಂದಾಗೈತೆ ಕಣಪ್ಪ. ಆದ್ರೆ ಇದು ಬೊಂಬೆ ಅಂಗ್ಡಿಗೆ ಸರಿ. ದೇವ್ರ ಹೆಸ್ರು ಹಿಂಗೆ ಹಲ್ಲು ಕಿರೀಬಾರ್ದು."

ಮಕ್ಬೂಲ್ ಅಳುಕಿದ. ತಾನು ಗೇಲಿ ಮಾಡಿದೆನೆಂದು ತಿಳಿದರೇನೋ. ಬೇಕಾದರೆ ಕೊಕ್ಕು ಕಿತ್ತು, ಕಪ್ಪು ಬಳಿದು ಕೊಡುತ್ತೇನೆಂದು ಮೆಲ್ಲಗೆ ಹೇಳಿ ಚೀಲದಿಂದ ಉಳಿ ತೆಗೆದ.

ಗಂಗಹನುಮಯ್ಯನ ಹೆಂಡತಿ ಸಿದ್ದಮ್ಮ, ಭಜನೆಗೆ ತಾಳ ಹಾಕುವವಳು, ಬೋರ್ಡಿಗೆ ಅಡ್ಡ ಬಂದು ನಿಂತಳು.

"ಯಾಕ್ ಮಾವ, ನೀವು ಪದ ಏರಿಸ್ದಾಗ ನಿಮ್ ಮೊಕ ಹೆಂಗಿರ್ತೈತೆ ಅಂತ ಎದುರ್ಗೆ ಕೂತಿರೋ ನಂಗೊತ್ತು. ಒಂದ್ ದಿನಾನೂ ಗಂಟಿಕ್ಕಿದ್ದು ಕಾಣೆ."

ಯಾರೋ ಕಿಸಕ್ಕೆಂದರು. ರಾಮಲಿಂಗಯ್ಯ ಬೋರ್ಡಿನ ಹತ್ತಿರ ಬಂದರು. ಒಂದು ಅಕ್ಷರದ ಹೊಟ್ಟೆಯ ಮೇಲೆ ಬೆರಳಾಡಿಸಿದರು. ಕೊನೆಗೆ, ಬೀದಿಗೆ ಬೇಡ, ದಾರಿಹೋಕರು ಅಂಗಡಿಯೆಂದುಕೊಂಡು ನುಗ್ಗುತ್ತಾರೆ; ಒಳಗಿರಲಿ, ಪಟದ ಎದುರು ಗೋಡೆಗೆ, ದೇವರ ಕಣ್ಣಿಗೆ ಬೀಳುವ ಹಾಗೆ ಎಂದು ತೀರ್ಮಾನ ಹೇಳಿದರು.

ಮಕ್ಬೂಲನ ಆಸೆ ಅಲ್ಲಿಗೆ ಅರ್ಧ ಕರಗಿತು. ತಲೆಯಾಡಿಸಿ, ಬೋರ್ಡನ್ನು ಹೊಸ್ತಿಲ ಬಳಿ ಒರಗಿಸಿ, ಯಾರಾದರೂ ಒಳಗೆ ತೆಗೆದುಕೊಂಡು ಹೋಗಲೆಂದು ಸರಿದು ನಿಂತ.

"ಏನ್ ನೋಡ್ತಾ ನಿಂತ್ಯಪ್ಪ? ನೀನ್ ಮಾಡಿದ್ದು ನೀನೇ ನಿಲ್ಸು, ಬಾ," ಎಂದರು ರಾಮಲಿಂಗಯ್ಯ.

ಮಕ್ಬೂಲ್ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಹೋದ. ಗೋಡೆಗಳಿಂದ ಹೊಸ ಸುಣ್ಣದ ವಾಸನೆ ಬರುತ್ತಿತ್ತು. ಸ್ಟೂಲು ಹತ್ತಿ ಮೊಳೆ ಹೊಡೆಯುವಾಗ ಕಾಲಡಿಯ ಸ್ಟೂಲು ಅಲುಗಿ, ಆಮೇಲೆ ಗಟ್ಟಿಯಾಗಿ ನಿಂತಿತು. ಕೆಳಗೆ ನೋಡಿದರೆ ರಾಮಲಿಂಗಯ್ಯ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಿಂದ ಅದರ ಕಾಲು ಹಿಡಿದಿದ್ದರು.

"ಒಸಿ ಎಡಕ್ಕೆ," ಎಂದರು. "ಹಾಂ. ಅಲ್ಲೇ ಇರ್ಲಿ."